ಬಾಗಲದ ಕಣ್ಣು ಯಾರ ಕೈಯಾಗ?

ಹೋದ ಸರತೆ ಮೆಂತೆಹಿಟ್ಟಿನ ಬಗ್ಗೆ ಬರದಿದ್ದೆ. ಈ ಸರತೆ ಅಡಿಗಿಮನಿ ಬಿಟ್ಟು ತಲಬಾಗಲಿಗೆ ಬಂದೇನಿ. ಬಾಗಲದ ಮ್ಯಾಲೆ ಹಚ್ಚತೀವಲ್ಲ ಕ್ಯಾಮೆರಾ, ಅದರ ಇತಿಹಾಸ ಹೇಳಬೇಕಾಗೇದ. ಇತಿಹಾಸ ಅಂದ ಕೂಡ್ಲೆ ಆಕಳಿಸಬ್ಯಾಡ್ರಿ. ಇದರಾಗ ರಾಜಾ-ರಾಣಿ ಇಲ್ಲ. ಯುದ್ಧ ಒಂಚೂರು ಅದ, ಕಾಫಿ ಅದ, ಮತ್ತ ನಮ್ಮಂಥಾ ಒಬ್ಬಾಕಿ ಹೆಣ್ಣಮಗಳು ಇದ್ದಾಳ.

ಬಾಗಲಾ ತಗೀದನ ಹೊರಗ ಯಾರ ಬಂದಾರ ಅಂತ ನೋಡೋ ಆಸೆ ಹೊಸಾದೇನಲ್ಲ. ನಮ್ಮ ಹಳೇ ಮನಿಗೋಳದಾಗ ಬಾಗಲಕ್ಕ ಅಗಳಿ, ಬಾಜೂಕ ಜಾಳಂದ್ರ ಇರ್ತಿತ್ತು. ಹೊರಗ ಕಡಾ ಬಡದ ಸಪ್ಪಳಾದ್ರ ಅಜ್ಜಿ ಒಳಗಿಂದನ "ಯಾರದು?" ಅಂತಿದ್ಲು. ದನಿ ಗುರ್ತು ಹತ್ತಿದ್ರ ಅಗಳಿ ಸರೀತಿತ್ತು. ಇಲ್ಲಂದ್ರ "ಗಂಡಸರು ಮನ್ಯಾಗಿಲ್ಲ, ಸಂಜೀಕ ಬರ್ರಿ" ಅಂತ ಅಲ್ಲಿಂದನ ಸಾಗಹಾಕತಿದ್ಲು. ಒಳಗಿನಾಕಿಗೆ ಹೊರಗಿನವರು ಕಾಣಬೇಕು, ಹೊರಗಿನವರಿಗೆ ಒಳಗಿನಾಕಿ ಕಾಣಬಾರದು, ತಗಿಯೋದು ಬಿಡೋದು ಒಳಗಿನಾಕಿ ಕೈಯಾಗಿರಬೇಕು. ಬಾಗಲದ ಸೂತ್ರ ಇಷ್ಟ.

ದೂರ ಕೂತು ಕ್ಯಾಮೆರಾದಾಗ ನೋಡೋದು ಯುದ್ಧದಾಗ ಬಳಕಿಗೆ ಬಂತು. 1942ರಾಗ ಜರ್ಮನಿಯ ಪೇನೆಮ್ಯುಂಡೆ ಅನ್ನೋ ಜಾಗಾದಾಗ ವಿ-2 ರಾಕೆಟ್ ಹಾರಿಸಿ ಪರೀಕ್ಷಾ ಮಾಡ್ತಿದ್ರು. ಹತ್ರ ನಿಂತವರ ಜೀವಕ್ಕ ಖಾತ್ರಿ ಇಲ್ಲ. ಅದಕ್ಕ ವಾಲ್ಟರ್ ಬ್ರುಖ್ ಅನ್ನೋ ಇಂಜಿನಿಯರ್ ಅಲ್ಲೆ ಕ್ಯಾಮೆರಾ ಇಡಿಸಿ, ದೂರದ ಖೋಲ್ಯಾಗ ಕೂತು ಟೀವ್ಯಾಗ ನೋಡೋ ಹಂಗ ಮಾಡಿದ. ಯುದ್ಧ ಮುಗದ ಮ್ಯಾಲೆ ಇದು ಬ್ಯಾಂಕಿಗೆ, ದೊಡ್ಡ ಅಂಗಡಿಗೆ, ರಸ್ತಾಕ್ಕ ಬಂತು. ಆದ್ರ ಅದೆಲ್ಲಾ ಸರಕಾರದ್ದು, ಇಲ್ಲಾ ಸಾಹುಕಾರರದ್ದು. ಅದನ್ನ ಮನಿ ಬಾಗಲಕ್ಕ ತರೋ ವಿಚಾರ ಮಾಡಿದಾಕಿ ಒಬ್ಬ ನರ್ಸಬಾಯಿ.

ಆಕಿ ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕ್ ಶಹರದ ಕ್ವೀನ್ಸ್ ಭಾಗದಾಗ ಜಮೈಕಾ ಅಂತ ಒಂದು ಬಡಾವಣಿ ಅದ, ಆಕಿ ಮನಿ ಅಲ್ಲೆ. ವೆಸ್ಟ್ ಇಂಡೀಸಿನ ಜಮೈಕಾ ಬ್ಯಾರೆ, ಇದು ಬ್ಯಾರೆ. 1922ರಾಗ ಹುಟ್ಟಿದ ಕಪ್ಪು ಜನಾಂಗದ ಹೆಣ್ಣಮಗಳು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವರು. ಇಬ್ಬರ ಡ್ಯೂಟಿಗೂ ಹೊತ್ತಿಲ್ಲ ಗೊತ್ತಿಲ್ಲ. ಎಷ್ಟೋ ರಾತ್ರಿ ಮನ್ಯಾಗ ಆಕಿ ಒಬ್ಬಾಕಿನ. ಸುತ್ತಲೂ ಕಳ್ಳತನ, ಪೊಲೀಸರನ್ನ ಕರದ್ರ ಬರೋದು ತಡ. ನಡರಾತ್ರಿ ಬಾಗಲಾ ಬಡದ್ರ ಹತ್ರ ಹೋಗಿ ತೂತಿನಾಗ ಕಣ್ಣಿಟ್ಟು ನೋಡೋದಕ್ಕೂ ಎದಿ ಝಲ್ ಅಂತದ, ಹೌದಲ್ಲೋ?

ಗಂಡಾ-ಹೆಂಡತಿ ಕೂಡಿ ಒಂದು ವ್ಯವಸ್ಥಾ ಮಾಡಿದ್ರು. ಬಾಗಲಕ್ಕ ಒಂದರ ಕೆಳಗೊಂದು ನಾಕು ತೂತು. ಎತ್ತರದವರು ಬಂದ್ರ ಮ್ಯಾಲಿನ ತೂತು, ಸಣ್ಣ ಹುಡುಗರು ಬಂದ್ರ ಕೆಳಗಿನ ತೂತು. ಹಿಂದ ಒಂದು ಕ್ಯಾಮೆರಾ ಮ್ಯಾಲೆ ಕೆಳಗ ಸರೀತಿತ್ತು. ಚಿತ್ರ ಹೋಗಿ ಮಲಗೋ ಖೋಲ್ಯಾಗಿನ ಟೀವ್ಯಾಗ ಬೀಳೋದು. ಹೊರಗಿನವರ ಜೋಡಿ ಮಾತಾಡಲಿಕ್ಕೆ ಮೈಕ್. ಗುರ್ತಿನವರಾದ್ರ ಹಾಸಿಗಿ ಮ್ಯಾಲಿಂದನ ಗುಂಡಿ ಒತ್ತಿ ಬಾಗಲಾ ತಗೀಬಹುದು, ಗಾಬರಿಯಾದ್ರ ಇನ್ನೊಂದು ಗುಂಡಿ ಒತ್ತಿ ಕಾವಲಿನವರಿಗೆ ಸುದ್ದಿ ಮುಟ್ಟಿಸಬಹುದು. 1966ರ ಆಗಸ್ಟ್ 1ಕ್ಕ ಪೇಟೆಂಟಿಗೆ ಅರ್ಜಿ ಹಾಕಿದ್ರು, 1969ರ ಡಿಸೆಂಬರ್ 2ಕ್ಕ ಸಿಕ್ಕಿತು. ನಂಬರ 3,482,037. ಅರ್ಜ್ಯಾಗ ಮೊದಲಿನ ಹೆಸರು ಆಕೀದು, ಗಂಡಂದು ಎರಡನೇದು. ಇವತ್ತಿನ ಮನಿ ಕ್ಯಾಮೆರಾ, ಬಾಗಲದ ವಿಡಿಯೋ ಗಂಟಿ ಎಲ್ಲಾ ಆ ನರ್ಸಬಾಯಿಯ ಮೊಮ್ಮಕ್ಕಳು ಅಂತ ತಿಳಕೋರಿ.

ನಂಗ ಇದರಾಗ ಮನಸಿಗೆ ಹತ್ತಿದ್ದು ಒಂದು. ಚಿತ್ರ ಬಾಗಲದಿಂದ ಹೊಂಟು ಆಕಿ ಮಲಗೋ ಖೋಲಿ ತನಕ ಬರ್ತಿತ್ತು, ಅಷ್ಟ. ನಡುವ ಮತ್ತ್ಯಾರೂ ಇರಲಿಲ್ಲ. ಅಜ್ಜಿ ಅಗಳಿ ಸೂತ್ರನ ಅದು, ತಂತಿ ಜೋಡಿಸಿದ್ರು ಅಷ್ಟ.

ಮುಂದಿನ ಹೆಜ್ಜಿಗೆ ಕಾಫಿ ಕಾರಣ. ಇಂಗ್ಲಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಾಗ ಟ್ರೋಜನ್ ರೂಮ್ ಅನ್ನೋ ಖೋಲಿ ಹತ್ರ ಕಾಫಿ ಮಷೀನ್ ಇತ್ತು. ಮಂದಿ ಮ್ಯಾಲಿನ ಅಟ್ಟದಿಂದ ಇಳದ ಬಂದ್ರ ಪಾತ್ರಿ ಖಾಲಿ! 1991ರಾಗ ಅದರ ಮುಂದ ಕ್ಯಾಮೆರಾ ಇಟ್ಟು, ಕೂತಲ್ಲಿಂದನ ಪಾತ್ರಿ ನೋಡೋ ಹಂಗ ಮಾಡಿದ್ರು. 1993ರಾಗ ಆ ಚಿತ್ರ ಇಂಟರ್ನೆಟ್ಟಿಗೂ ಹೋತು, ಜಗತ್ತಿನ ಮಂದಿಯೆಲ್ಲಾ ಆ ಕಾಫಿ ಪಾತ್ರಿ ನೋಡಿದ್ರು. 2001ರ ಆಗಸ್ಟ್ 22ಕ್ಕ ಬಂದ್ ಮಾಡಿದ್ರು. ಪಾತ್ರಿ ಹರಾಜಿನಾಗ 3,350 ಪೌಂಡಿಗೆ ಹೋತು. ನಮ್ಮ ತಾಮ್ರದ ಹಂಡೇಕ್ಕ ಗುಜರಿಯವಾ ಕೊಡೋ ರೇಟ್ ನೆನಸಿಕೊಂಡು ನಾ ನಕ್ಕೆ. ಆದ್ರ ಅವತ್ತಿನಿಂದ ಕ್ಯಾಮೆರಾದ ಚಿತ್ರ ಮನಿ ದಾಟಿ ಹೊರಗ ಹೊಂಟಿತು. ಈಗ ನಮ್ಮ ಪಡಸಾಲಿಯ ಚಿತ್ರ ಯಾವುದೋ ಊರಿನ ಕಂಪನಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಫೋನಿಗೆ ಬರತದ. ಬಾಜೂ ಮನಿಗೆ ಹೋಗಲಿಕ್ಕೆ ಬಳ್ಳಾರಿಗೆ ಹೋಗಿ ಬಂದ್ಹಂಗ.

ಇನ್ನ ಫರ್ಮ್‌ವೇರ್. ಕ್ಯಾಮೆರಾದ ಚಿಪ್ಪಿನಾಗ "ಎದ್ದ ಕೂಡ್ಲೆ ಇದು ಮಾಡು, ಆಮ್ಯಾಲೆ ಅದು ಮಾಡು" ಅಂತ ಬರದಿಟ್ಟ ಪಾಠಕ್ಕ ಫರ್ಮ್‌ವೇರ್ ಅಂತಾರ. ಆ ಶಬ್ದ ಹುಟ್ಟಿಸಿದಾವ ಆಶರ್ ಓಪ್ಲರ್, 1967ರಾಗ, ಡೇಟಾಮೇಷನ್ ಅನ್ನೋ ಪತ್ರಿಕಾದಾಗ. ಗಟ್ಟಿ ಹಾರ್ಡ್‌ವೇರಿಗೂ ಮೆತ್ತನ್ನ ಸಾಫ್ಟ್‌ವೇರಿಗೂ ನಡುವಿಂದು, ಉಂಡಿ ಕಟ್ಟೋ ಹದಕ್ಕ ಬಂದ ಪಾಕ ಇದ್ದ್ಹಂಗ. ಮೊದಮೊದಲ ಅದು ಕಲ್ಲಿನಾಗ ಕೆತ್ತಿದ ಅಕ್ಷರ, ಅಳಸಲಿಕ್ಕೆ ಬರ್ತಿರಲಿಲ್ಲ. 1971ರಾಗ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ನೆತ್ತಿ ಮ್ಯಾಲೆ ಸಣ್ಣ ಗಾಜಿನ ಕಿಡಕಿ ಇರೋ ಚಿಪ್ ಮಾಡಿದ. ಕಿಡಕ್ಯಾಗ ನೇರಳಾತೀತ ಬೆಳಕು ಬಿಟ್ರ ಬರದದ್ದು ಅಳಸತಿತ್ತು. ಆದ್ರ ಅದಕ್ಕ ಚಿಪ್ಪು ಕೈಯಾಗ ಬೇಕು. 1980ರ ದಶಕದಾಗ ಜಪಾನಿನ ತೋಷಿಬಾದ ಫುಜಿಯೋ ಮಸುವೊಕಾ ಫ್ಲ್ಯಾಷ್ ಮೆಮೊರಿ ತಂದ. ಕಲ್ಲಿನ ಅಕ್ಷರ ಹೋಗಿ ಪಾಟಿ ಮ್ಯಾಲಿನ ಅಕ್ಷರ ಆತು. ಈಗ ಎಲ್ಲೋ ಕೂತವರು ನಮ್ಮ ಪಾಟಿ ಒರಸಿ ಹೊಸಾ ಪಾಠ ಬರೀಬಹುದು. ಒರಸಿದ ಮ್ಯಾಲೆ ಬರಿಯೂದರಾಗ ಕರೆಂಟ್ ಹೋದ್ರ, ಇಲ್ಲಾ ಬ್ಯಾರೆ ಮಾಡೆಲ್ಲಿನ ಪಾಠ ಬರದ್ರ, ಕ್ಯಾಮೆರಾಕ್ಕ ಹೆಂಗ ಏಳಬೇಕು ಅನ್ನೋದ ಮರತು ಹೋಗತದ. ಅದಕ್ಕ ಇಂಜಿನಿಯರ್ ಮಂದಿ "ಇಟ್ಟಂಗಿ ಆತು" ಅಂತಾರ.

ನಮ್ಮ ಮನ್ಯಾಗೂ ಇಟ್ಟಂಗಿ ಆತು. ನಮ್ಮ ಅತ್ತೆಗೆ 86 ವರ್ಷ. ಎರಡು ವರ್ಷದಿಂದ ಮರವು. ನಸುಕಿನಾಗ ಎದ್ದು "ನರಗುಂದದ ಬಸ್ಸಿಗೆ ಹೊತ್ತಾತು, ಅಪ್ಪ ಹಾದಿ ನೋಡ್ತಿರತಾನ" ಅಂತ ಸೀರಿ ಸೆರಗು ಸರಿ ಮಾಡಿಕೊಂಡು ಹೊಂಟುಬಿಡ್ತಾರ. ಅವರ ಅಪ್ಪ ತೀರಿ ಐವತ್ತು ವರ್ಷಾತು. ಅದಕ್ಕನ ಮಗಾ ಪುಣೆಯಿಂದ ಬಂದಾಗ ಕ್ಯಾಮೆರಾ ಹಚ್ಚಿಸಿದ್ದ. ಬಾಗಲದ ಹತ್ರ ಯಾರರೆ ಬಂದ್ರ ನನ್ನ ಫೋನ್ ಗಂಟಿ ಹೊಡೀತಿತ್ತು. ಎಂಟು ತಿಂಗಳು ನಾ ನೆಟ್ಟಗ ನಿದ್ದಿ ಮಾಡಿದ್ದು ಅದರ ಆಸರೇಲೆ. ಶ್ರಾವಣದಾಗ ಒಂದು ರಾತ್ರಿ ಎರಡಕ್ಕ ಅಪ್‌ಡೇಟ್ ತಾನ ಬಂತು, ತಾನ ಕೂತಿತು. ಯಾರೂ ನಮ್ಮನ್ನ ಕೇಳಲಿಲ್ಲ. ಹಸಿರ ದೀಪ ಹೋಗಿ ಕೆಂಪು ದೀಪ ಮಿಣಕಲಿಕತ್ತಿತು. ಐದಕ್ಕ ಅತ್ತೆ ಬಾಗಲಾ ತಗದು ಹೋದ್ರು, ಫೋನ್ ಸುಮ್ಮನ ಇತ್ತು. ಹೂವಿನಾಕಿ ಬಸ್‌ಸ್ಟಾಪಿನಾಗ ಅವರನ್ನ ನೋಡಿ, ಬುಟ್ಟಿ ಅಲ್ಲೇ ಬಿಟ್ಟು, ಕೈ ಹಿಡದು ಕರಕೊಂಡು ಬಂದ್ಲು. ಆಕಿ ಹೊಟ್ಟಿ ತಣ್ಣಗಿರಲಿ.

ಕಂಪನಿಗೆ ಫೋನ್ ಹಚ್ಚಿದ್ರ "ವೈರ್ ತಗದು ಹಾಕ್ರಿ, ಸಣ್ಣ ತೂತಿನಾಗ ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡೀರಿ" ಅಂದ್ರು. ಚುಚ್ಚಿ ಚುಚ್ಚಿ ಪಿನ್ ಸೊಟ್ಟಾತು. ಹನ್ನೊಂದು ದಿನಾ ದಿನಕ್ಕೊಬ್ಬರಿಗೆ ಮೊದಲಿಂದ ಹರಿಕಥಿ ಹೇಳಿದೆ. ಕಡೀಕ "ಅದು ಹಳೇ ಮಾಡೆಲ್ ಮೇಡಂ, ಹೊಸಾದು ತಗೋರಿ" ಅಂದ್ರು. ಎಂಟು ತಿಂಗಳಿಗೆ ಹಳೇದಂತ! ನಮ್ಮ ಉಪ್ಪಿನಕಾಯಿ ಭರಣಿಗೆ ನಲವತ್ತು ವರ್ಷ.

ಇದು ನಮ್ಮೊಬ್ಬರ ಹಣೇಬರಹ ಅಲ್ಲ. 2016ರ ಜನವರಿಯ ಕೊರೆಯೋ ಚಳ್ಯಾಗ ಅಮೆರಿಕಾದಾಗ ನೆಸ್ಟ್ ಅನ್ನೋ ಕಂಪನಿಯ ಥರ್ಮೋಸ್ಟಾಟ್, ಅಂದ್ರ ಮನಿ ಬೆಚ್ಚಗಿಡೋ ಯಂತ್ರದ ಗುಂಡಿ, ಅಪ್‌ಡೇಟಿನ ದೋಷಕ್ಕ ಬ್ಯಾಟರಿ ಇಳದು ನಿಂತುಬಿಟ್ವು. ಹಸಗೂಸು ಇದ್ದ ಮನೀನೂ ತಣ್ಣಗಾದ್ವು. 2017ರ ಆಗಸ್ಟಿನಾಗ ಲಾಕ್‌ಸ್ಟೇಟ್ ಅನ್ನೋ ಕಂಪನಿ ಒಂದು ಮಾಡೆಲ್ಲಿನ ಫರ್ಮ್‌ವೇರ್ ಇನ್ನೊಂದು ಮಾಡೆಲ್ಲಿಗೆ ಕಳಿಸಿ, ಸುಮಾರು 500 ಬಾಗಲದ ಕೀಲಿ ಕೆಡಿಸಿತು. ಅವನ್ನ ಬಿಚ್ಚಿ ಟಪಾಲಿನಾಗ ಕಳಿಸಿ ರಿಪೇರಿ ಮಾಡಿಸಬೇಕಾತು.

"ಹಂಗಾರ ಅಪ್‌ಡೇಟ ಬ್ಯಾಡ" ಅಂತ ನಮ್ಮನಿಯವರು ಅಂದ್ರು. ಹಂಗೂ ಅನ್ನಲಿಕ್ಕೆ ಬರೂದಿಲ್ಲ. 2016ರಾಗ ಮಿರಾಯ್ ಅನ್ನೋ ಕೆಟ್ಟ ಪ್ರೋಗ್ರಾಂ ಬಂತು. ಕಾರಖಾನ್ಯಾಗ ಹಾಕಿಕೊಟ್ಟ ಪಾಸ್‌ವರ್ಡ್ ಹಂಗ ಇದ್ದ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್ ಒಳಗ ಹೊಕ್ಕು ಅವನ್ನ ತನ್ನ ಸೈನ್ಯ ಮಾಡಿಕೊಂಡಿತು. ಅಕ್ಟೋಬರ್ 21ಕ್ಕ ಅಂಥಾ ಸೈನ್ಯದ ಏಟಿಗೆ ಅಮೆರಿಕಾದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಸುದ್ದಾ ತಾಸಗಟ್ಟಲೆ ನಿಂತ್ವು. ಮನಿ ಕಾಯೋ ನಾಯಿ ಕಳ್ಳರ ಜೋಡಿ ಹೋದ್ಹಂಗ ಆತು. ಅಂಥಾ ತೂತು ಮುಚ್ಚಲಿಕ್ಕೆ ಅಪ್‌ಡೇಟ್ ಬೇಕ ಬೇಕು. ನನ್ನ ಸಿಟ್ಟು ಅಪ್‌ಡೇಟಿನ ಮ್ಯಾಲಲ್ಲ. ಹೇಳದ ಕೇಳದ ನಡರಾತ್ರಿ ಬರೋದರ ಮ್ಯಾಲೆ, ಕೆಟ್ರ ಹಳೇ ಪಾಠಕ್ಕ ತಿರುಗಿ ಹೋಗೋ ದಾರಿ ಇಡದೇ ಇರೋದರ ಮ್ಯಾಲೆ, ಕೆಡಿಸಿದವರು ಹೊಸಾದು ಕೊಳ್ರಿ ಅನ್ನೋದರ ಮ್ಯಾಲೆ.

ಸರಕಾರಗೋಳಿಗೂ ಈಗೀಗ ಎಚ್ಚರಾಗೇದ. ಬ್ರಿಟನ್ನಿನಾಗ 2024ರ ಏಪ್ರಿಲ್ 29ರಿಂದ ಒಂದು ಕಾಯ್ದೆ ಅದ: ಎಲ್ಲಾ ಯಂತ್ರಕ್ಕೂ ಒಂದ ಸಾದಾ ಪಾಸ್‌ವರ್ಡ್ ಹಾಕಿ ಮಾರೋ ಹಂಗಿಲ್ಲ, ಸುರಕ್ಷತಾ ಅಪ್‌ಡೇಟ್ ಎಷ್ಟು ದಿನಾ ಕೊಡ್ತೀವಿ ಅಂತ ಮಾರೋಕಿಂತ ಮೊದಲ ಹೇಳಬೇಕು. ನಮ್ಮ ದೇಶದಾಗೂ 2025ರ ಏಪ್ರಿಲ್‌ನಿಂದ ಹೊಸಾ ಸಿಸಿಟಿವಿ ಕ್ಯಾಮೆರಾ ಮಾರಾಟಕ್ಕ ಬರೋಕಿಂತ ಮೊದಲ ಸುರಕ್ಷತಾ ಪರೀಕ್ಷಾ ಪಾಸಾಗಬೇಕು ಅಂತ ನಿಯಮ ಬಂದದ.

ಹಿಂದಿನ ಬಾಗಲಕ್ಕ ನಾ ಈಗ ಆಕಳ ಕೊರಳಗಂಟಿ ಕಟ್ಟೇನಿ, ಮುಂದಿನ ಬಾಗಲಕ್ಕ ಗೆಜ್ಜಿ. ಅದಕ್ಕ ಯಾವ ಅಪ್‌ಡೇಟೂ ಬರೂದಿಲ್ಲ. ಆದ್ರ ನಾ ಮಾರ್ಕೆಟ್ಟಿಗೆ ಹೋದಾಗ ಗೆಜ್ಜಿ ಸಪ್ಪಳಾ ಅಲ್ಲಿ ತನಕ ಕೇಳೂದಿಲ್ಲಲ್ಲ, ಅದಕ್ಕ ದೀಪಾವಳಿಗೆ ಮತ್ತೊಂದು ಕ್ಯಾಮೆರಾ ತಗೋಳೋದೈತಿ. ನೀವೂ ತಗೋಳೋರಿದ್ರ ಅಂಗಡಿಯವಗ ನಾಕು ಮಾತು ಕೇಳ್ರಿ. ಅಪ್‌ಡೇಟ್ ಎಷ್ಟು ವರ್ಷ ಬರತದ? ನಾವು ಹೂಂ ಅಂದ ಮ್ಯಾಲೆ ಹಗಲಹೊತ್ತಿನಾಗ ಹಾಕಿಕೊಳ್ಳಲಿಕ್ಕೆ ಬರತದೋ ಇಲ್ಲೋ? ಇಂಟರ್ನೆಟ್ ಇಲ್ಲದಾಗ ಒಳಗಿನ ಕಾರ್ಡಿನಾಗ ಚಿತ್ರ ಉಳೀತದೋ ಇಲ್ಲೋ? ಅಪ್‌ಡೇಟಿನಿಂದ ಕೆಟ್ರ ಬದಲಿ ಯಾರು ಕೊಡ್ತಾರ? ಉತ್ತರಾ ಬಿಲ್ಲಿನ ಮ್ಯಾಲೆ ಬರಸಿಕೊಳ್ರಿ. ಗಂಡಸರು "ಇದೆಲ್ಲಾ ನಿಂಗ್ಯಾಕ" ಅಂದ್ರ ನ್ಯೂಯಾರ್ಕಿನ ಆ ನರ್ಸಬಾಯಿ ಹೆಸರು ಹೇಳ್ರಿ. ಮನಿ ಬಾಗಲಕ್ಕ ಕಣ್ಣು ಹಚ್ಚಿದಾಕಿನ ಹೆಣ್ಣಮಗಳು, ಕೇಳೋ ಹಕ್ಕು ನಮಗ ಇಲ್ಲದ ಯಾರಿಗದ?