ಕಾಡುಹಣ್ಣಿನ ಲೇಹವೂ ಆಸವವೂ

ಹಳೆಯ ಕಾವ್ಯಗಳನ್ನು ಪಾಠ ಹೇಳುವಾಗ ಆಸವ, ಅರಿಷ್ಟ, ಸೀಧು, ಮೈರೇಯ ಎಂಬ ಶಬ್ದಗಳು ಎದುರಾದರೆ ‘ಒಂದು ಬಗೆಯ ಮದ್ಯ’ ಎಂದೋ ‘ಕಳ್ಳು’ ಎಂದೋ ಅರ್ಥ ಹೇಳಿ ಮುಂದಕ್ಕೆ ಸಾಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇದಕ್ಕೆ ಕೋಶಕಾರರ ಬೆಂಬಲವೂ ಉಂಟು. ಅಮರಸಿಂಹನು ಮೈರೇಯ, ಆಸವ, ಸೀಧುಗಳನ್ನು ಒಂದೇ ಎಡೆಯಲ್ಲಿ ಪರ್ಯಾಯಪದಗಳಂತೆ ಇರಿಸಿದ್ದಾನೆ. ಪಾನಗೋಷ್ಠಿಯನ್ನು ವರ್ಣಿಸುವ ಕವಿಗೆ ಪ್ರಾಸಕ್ಕೂ ಛಂದಸ್ಸಿಗೂ ಒದಗುವ ಪದವು ದೊರೆತರೆ ಸಾಕು. ಆ ಪಾನೀಯವು ಯಾವ ಹಣ್ಣಿನಿಂದ, ಯಾವ ಕ್ರಮದಿಂದ ಆದುದೆಂಬುದು ಅವನಿಗೆ ಮುಖ್ಯವಲ್ಲ. ಆದರೆ ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿದರೆ ಈ ಶಬ್ದಗಳಿಗೆ ಪ್ರತ್ಯೇಕವಾದ ಅರ್ಥಗಳಿದ್ದುವೆಂದೂ, ಅವುಗಳ ಹಿಂದೆ ಕಾಡಿನ ಹಣ್ಣನ್ನು ಆಯ್ದು ತಂದು ಕೆಡದಂತೆ ಕಾಪಿಡುವ ಒಂದು ಗೃಹವಿದ್ಯೆಯಿದ್ದಿತೆಂದೂ ತಿಳಿದುಬರುತ್ತದೆ. ಆ ವಿದ್ಯೆಯ ಸ್ವರೂಪವನ್ನೂ, ಅದರಲ್ಲಿ ಒಂದಾಗಿದ್ದ ಪಾಕವೂ ಮದ್ಯವೂ ಬೇರೆ ಬೇರೆಯಾದ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇನೆ.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬಹುದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಇದರ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದುದು ವಾಚಕರಿಗೆ ವಿದಿತವೇ ಆಗಿದೆ. ಗ್ರಂಥದ ಕಾಲದ ವಿಷಯದಲ್ಲಿ ಪಂಡಿತರೊಳಗೆ ಭಿನ್ನಾಭಿಪ್ರಾಯವಿದ್ದರೂ ಅದರಲ್ಲಿನ ವಿವರಗಳ ಬೆಲೆಗೆ ಅದರಿಂದ ಕುಂದಿಲ್ಲ. ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನ ಪ್ರಕರಣವೊಂದು, ಸುರಾಧ್ಯಕ್ಷನ ಪ್ರಕರಣವೊಂದು ಇವೆ. ಹಣ್ಣಿನ ವಿಚಾರವು ಎರಡರಲ್ಲಿಯೂ ಬರುತ್ತದೆ.

ಉಗ್ರಾಣದಲ್ಲಿ ಸಂಗ್ರಹಿಸಬೇಕಾದ ‘ಫಲಾಮ್ಲವರ್ಗ’ದಲ್ಲಿ ವೃಕ್ಷಾಮ್ಲ, ಕರಮರ್ದ, ಆಮ್ರ, ಆಮಲಕ, ಮಾತುಲುಂಗ, ಬದರ, ಪರೂಷಕ ಮೊದಲಾದುವು ಸೇರಿವೆ. ಇವುಗಳಲ್ಲಿ ಕರಮರ್ದವು ನಮ್ಮ ಕವಳಿ, ಆಮಲಕವು ನೆಲ್ಲಿ, ಬದರವು ಬೋರೆ. ವೃಕ್ಷಾಮ್ಲವನ್ನು ಮುರುಗಲೆಂದು ಹೇಳುವುದು ರೂಢಿ; ಹುಣಿಸೆಯೆಂದು ಹೇಳುವವರೂ ಉಂಟು. ಅಲ್ಲಿಯೇ ‘ಶುಕ್ತವರ್ಗ’ವೆಂಬ ಇನ್ನೊಂದು ಗುಂಪನ್ನು ಹೇಳಿದೆ. ಕಬ್ಬಿನ ರಸ, ಬೆಲ್ಲ, ಜೇನು, ಫಾಣಿತ, ನೇರಳೆಯ ರಸ, ಹಲಸಿನ ರಸ ಇವುಗಳಲ್ಲಿ ಯಾವುದಾದರೂ ಒಂದನ್ನು ಮೇಷಶೃಂಗಿ ಮತ್ತು ಹಿಪ್ಪಲಿಗಳ ಕಷಾಯದೊಡನೆ ಕೂಡಿಸಿ, ಒಂದು ತಿಂಗಳು, ಆರು ತಿಂಗಳು ಅಥವಾ ಒಂದು ವರ್ಷ ಇಡಬೇಕು. ಮಾವು ನೆಲ್ಲಿ ಮೊದಲಾದುವನ್ನು ಅದರಲ್ಲಿ ಸೇರಿಸಲೂಬಹುದು, ಬಿಡಲೂಬಹುದು. ಇದು ಹುಳಿಸಿದ ರಸ. ಇಲ್ಲಿ ವರ್ಗೀಕರಣದ ಸೂತ್ರವು ಕಾಲವೆಂಬುದನ್ನು ಗಮನಿಸಬೇಕು.

ಸುರಾಧ್ಯಕ್ಷನ ಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಹೇಳಿ, ಒಂದೊಂದಕ್ಕೂ ಪ್ರತ್ಯೇಕವಾದ ವಿವರವನ್ನು ಕೊಟ್ಟಿದೆ. ಮಧುವು ದ್ರಾಕ್ಷಿಯ ರಸ. ಮೈರೇಯವು ಮೇಷಶೃಂಗಿಯ ತೊಗಟೆಯ ಕಷಾಯಕ್ಕೆ ಬೆಲ್ಲವನ್ನು ಹಾಕಿ, ಹಿಪ್ಪಲಿ ಮೆಣಸುಗಳ ಪುಡಿಯನ್ನಾಗಲಿ ತ್ರಿಫಲೆಯನ್ನಾಗಲಿ ಬೆರಸಿದುದು. ಅರಿಷ್ಟವು ಆಯಾ ರೋಗಕ್ಕೆ ವೈದ್ಯರು ಹೇಳುವ ಪ್ರಮಾಣದಂತೆ ಆಗತಕ್ಕುದು. ಆಸವಕ್ಕೆ ಬೇಲದ ಹಣ್ಣು ಒಂದು ತುಲೆ, ಫಾಣಿತ ಐದು ತುಲೆ, ಜೇನು ಒಂದು ಪ್ರಸ್ಥ. ಫಾಣಿತವೆಂದರೆ ಅರೆಬತ್ತಿದ ಕಬ್ಬಿನ ಹಾಲು. ಮಲೆನಾಡಿನವರ ಜೋನಿಬೆಲ್ಲಕ್ಕೆ ಸಮೀಪವಾದುದು. ಈ ಯೋಗದಲ್ಲಿ ಹಣ್ಣಿನ ಐದರಷ್ಟು ಸಿಹಿಯಿದೆ. ನೀರಿನ ಮಾತೇ ಇಲ್ಲ. ಸೂತ್ರವನ್ನು ಅಕ್ಷರಶಃ ಅನುಸರಿಸಿ ಗಟ್ಟಿ ಬೆಲ್ಲದಲ್ಲಿ ಬೇಲದ ತಿರುಳನ್ನು ಕಲಸಿಟ್ಟರೆ ಅದು ಹುದುಗದೆ ಹಣ್ಣಿನ ಪಾಕವಾಗಿಯೇ ಉಳಿದೀತು. ಎಷ್ಟು ತೆಳುವಾಗಿಸಬೇಕೆಂಬುದು ಮಾಡುವವರ ಕೈಗೆ ಗೊತ್ತಿದ್ದುದರಿಂದಲೇ ಶಾಸ್ತ್ರಕಾರನು ಅದನ್ನು ಹೇಳದೆ ಬಿಟ್ಟನೆಂದು ಊಹಿಸಬಹುದು.

ಆ ಕೈ ಯಾರದು? ಸುರೆಯ ಹದಕ್ಕೆ ಬೇಕಾದುದನ್ನೂ ಕಿಣ್ವವನ್ನೂ ಕೂಡಿಸುವ ಕೆಲಸವನ್ನು ಸ್ತ್ರೀಯರೂ ಬಾಲಕರೂ ಮಾಡಬೇಕೆಂದು ಅದೇ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಕಿಣ್ವವೆಂದರೆ ಉದ್ದು, ಅಕ್ಕಿ, ಕೆಲವು ಮೂಲಿಕೆಗಳಿಂದ ಕಟ್ಟಿದ ಹುದುಗು. ಇಂದಿನ ವಿಜ್ಞಾನದ ಪಾಠಗಳಲ್ಲಿ ಈ ಶಬ್ದವು ಬೇರೊಂದು ಪಾರಿಭಾಷಿಕಾರ್ಥದಲ್ಲಿ ಬಳಕೆಯಾಗುತ್ತಿರುವುದರಿಂದ ವಿದ್ಯಾರ್ಥಿಗಳಿಗೆ ಈ ಭೇದವನ್ನು ತಿಳಿಸುವುದು ಅವಶ್ಯಕ.

ವೈದ್ಯಗ್ರಂಥಗಳು ಈ ಚಿತ್ರವನ್ನು ಇನ್ನೂ ವಿಶದಪಡಿಸುತ್ತವೆ. ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ೮೪ ಆಸವಗಳ ಎಣಿಕೆಯಿದೆ. ಅವುಗಳಲ್ಲಿ ಧಾನ್ಯದವು ೬, ಹೂವಿನವು ೧೦ ಇದ್ದರೆ ಹಣ್ಣಿನವು ೨೬. ದ್ರಾಕ್ಷಿ ಖರ್ಜೂರಗಳನ್ನು ಬಿಟ್ಟರೆ ಆ ಪಟ್ಟಿಯ ಬಹುಭಾಗವು ನೇರಳೆ, ಬೇಲ, ನೆಲ್ಲಿ, ಬೋರೆ, ಆಲ, ಅರಳಿ, ಬಸರಿ, ಅತ್ತಿ ಮುಂತಾದ ತಾನಾಗಿ ಬೆಳೆಯುವ ಮರಗಳ ಫಲ. ಅದೇ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಚ್ಯವನಪ್ರಾಶದ ವಿಧಿಯಿದೆ: ೫೦೦ ನೆಲ್ಲಿಕಾಯಿಗಳನ್ನು ಬೇಯಿಸಿ, ತಿರುಳನ್ನು ತುಪ್ಪ ಎಣ್ಣೆಗಳಲ್ಲಿ ಹುರಿದು, ಅರ್ಧ ತುಲೆ ಸಕ್ಕರೆಯೊಡನೆ ಲೇಹದ ಪಾಕಕ್ಕೆ ತಂದು, ಆರಿದ ಮೇಲೆ ಜೇನನ್ನು ಕೂಡಿಸಬೇಕು. ಹೀಗೆ ಒಂದೇ ನೆಲ್ಲಿಯು ಒಂದು ಕಡೆ ಲೇಹವೂ ಇನ್ನೊಂದು ಕಡೆ ಆಸವವೂ ಆಗಿದೆ.

ಇವೆರಡರ ಅಂತರವನ್ನು ಶಾರ್ಙ್ಗಧರಸಂಹಿತೆಯ ಲೆಕ್ಕದಿಂದ ತಿಳಿಯಬಹುದು. ಕುದಿಸದ ನೀರು ಮತ್ತು ದ್ರವ್ಯಗಳಿಂದಾದುದು ಆಸವ, ಕಷಾಯದಿಂದಾದುದು ಅರಿಷ್ಟ ಎಂಬುದು ಅಲ್ಲಿಯ ನಿರ್ಣಯ. ಪ್ರಮಾಣವನ್ನು ಹೇಳದಿದ್ದ ಕಡೆ ಒಂದು ದ್ರೋಣ ದ್ರವಕ್ಕೆ ಒಂದು ತುಲೆ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಹತ್ತನೆಯ ಒಂದು ಭಾಗ ಪುಡಿ. ದ್ರೋಣಕ್ಕೆ ೨೫೬ ಪಲ. ದ್ರವಕ್ಕೆ ಇಮ್ಮಡಿಯೆಂಬ ಪರಿಭಾಷೆಯಂತೆ ೫೧೨ ಪಲ. ಬೆಲ್ಲ ಜೇನುಗಳು ಕೂಡಿ ೧೫೦ ಪಲ. ಅಂದರೆ ಒಟ್ಟು ೬೬೨ ಪಲಗಳಲ್ಲಿ ಸಿಹಿಯು ಕಾಲು ಭಾಗಕ್ಕಿಂತ ಸ್ವಲ್ಪ ಕಡಮೆ. ಹುದುಗು ಬದುಕಿ ಕೆಲಸ ಮಾಡಲು ಇದು ತಕ್ಕ ಹದ. ಸಿಹಿಯು ನೂರಕ್ಕೆ ೬೫ರಷ್ಟಕ್ಕೆ ಏರಿದರೆ ಸಾಮಾನ್ಯವಾದ ಹುದುಗು ಬೆಳೆಯಲಾರದು. ಆಗ ಹಣ್ಣು ಪಾಕವಾಗಿ ನಿಲ್ಲುತ್ತದೆ. ಆಸವವು ಗಾಳಿಗೆ ತೆರೆದುಕೊಂಡು ಬಹುಕಾಲವಿದ್ದರೆ ಶುಕ್ತವಾಗುತ್ತದೆ. ಈ ಯೋಗಗಳಲ್ಲಿ ಸೇರಿಸುವ ಧಾತಕಿಯ ಹೂವಿನಲ್ಲಿ ಹುದುಗಿನ ಸೂಕ್ಷ್ಮಜೀವಿಗಳಿರುವುದನ್ನು ಈಚಿನ ಪರೀಕ್ಷೆಗಳು ತೋರಿಸಿವೆ. ಇಂಗ್ಲೆಂಡಿನಲ್ಲಿ ಬೇಲಿಯ ಮುಳ್ಳುಗಿಡದ ಕಪ್ಪು ಹಣ್ಣನ್ನು ಸಕ್ಕರೆಯೊಡನೆ ಜಿನ್ನಿನಲ್ಲಿ ನೆನೆಯಿಡುವ ರೂಢಿಯುಂಟು. ಅಲ್ಲಿ ಭಟ್ಟಿಯಿಳಿಸಿದ ಮದ್ಯವು ಮೊದಲು, ಹಣ್ಣು ಆಮೇಲೆ. ನಮ್ಮ ಆಸವದಲ್ಲಿ ಹಣ್ಣು ಬೆಲ್ಲಗಳೇ ಮದ್ಯಕ್ಕೆ ಕಾರಣ. ಆದುದರಿಂದ ಆಸವಕ್ಕೆ ‘ಸಾರಾಯಿ’ ಎಂದು ಅರ್ಥ ಬರೆಯುವುದು ತಪ್ಪೇ ಸರಿ.

ಹೀಗೆ ಒಂದೇ ಗಡಿಗೆಯಿಂದ ಹೊರಟ ವಸ್ತುಗಳ ನಡುವೆ ಗೆರೆ ಎಳೆದವರು ಯಾರು? ಮೊದಲನೆಯದಾಗಿ ಅರಸು. ಕುಟುಂಬಿಗಳು ಮನೆಯ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಕೌಟಿಲ್ಯನು ಅನುಮತಿಸುತ್ತಾನೆ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ವಿನಾಯತಿಯುಂಟು. ಅರಮನೆಯದಲ್ಲದ ಸರಕಿಗೆ ನೂರಕ್ಕೆ ಐದರ ಶುಲ್ಕ. ಈ ಶುಲ್ಕದ ಪಟ್ಟಿಯಲ್ಲಿ ಅರಿಷ್ಟ, ಮಧುಗಳ ಜೊತೆಗೆ ‘ಫಲಾಮ್ಲ’ವೂ ಸೇರಿದೆ! ಉಗ್ರಾಣದಲ್ಲಿ ಹುಳಿಹಣ್ಣಾಗಿದ್ದ ಶಬ್ದವು ಸುರಾಧ್ಯಕ್ಷನ ಕಡತದಲ್ಲಿ ಪಾನೀಯವಾಗಿದೆ. ಪ್ರಕರಣವನ್ನು ನೋಡದೆ ಕೋಶವನ್ನು ಮಾತ್ರ ನಂಬಿದರೆ ಈ ಭೇದವು ಹೊಳೆಯದು.

ಎರಡನೆಯದಾಗಿ ಧರ್ಮದ ವ್ರತ. ಕನ್ನಡನಾಡಿನ ಸಾಹಿತ್ಯಕ್ಕೆ ಇದರ ಸಂಬಂಧವು ಹತ್ತಿರದ್ದು. ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶದವರ ಆಳ್ವಿಕೆಯಲ್ಲಿ ಸೋಮದೇವಸೂರಿಯು ಕ್ರಿ. ಶ. ೯೫೯ರಲ್ಲಿ ಯಶಸ್ತಿಲಕವನ್ನು ಮುಗಿಸಿದನು. ಅವನು ಹೇಳುವ ಗೃಹಸ್ಥರ ಎಂಟು ಮೂಲಗುಣಗಳೆಂದರೆ ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ಐದು ಉದುಂಬರಫಲಗಳ ತ್ಯಾಗ. ಇಲ್ಲಿ ಮಧುವೆಂದರೆ ಜೇನು. ಈ ಐದು ಫಲಗಳಲ್ಲಿ ಆಲ, ಅರಳಿ, ಬಸರಿ, ಅತ್ತಿ ಈ ನಾಲ್ಕೂ ಚರಕನ ಫಲಾಸವಗಳ ಪಟ್ಟಿಯಲ್ಲಿವೆ. ಹಣ್ಣಿನೊಳಗಿನ ಸೂಕ್ಷ್ಮಜೀವಿಗಳ ಹಿಂಸೆಯೇ ನಿಷೇಧಕ್ಕೆ ಕಾರಣ. ಆದರೂ ಫಲವೆಂದು ನೋಡಿದರೆ, ಆಸವಕ್ಕೆ ಬೇಕಾದ ಜೇನೂ ಆ ಮರಗಳ ಹಣ್ಣೂ ಸಿದ್ಧವಾದ ಮದ್ಯವೂ ಒಂದೇ ವ್ರತದಲ್ಲಿ ಶ್ರಾವಕನ ಮನೆಯಿಂದ ಹೊರಬಿದ್ದುವು. ೧೬ನೆಯ ಶತಮಾನದ ಆದಿಯಲ್ಲಿ ಜೈನಕವಿ ಮೂರನೆಯ ಮಂಗರಸನು ವಾರ್ಧಕಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ರಚಿಸಿದಾಗ ಪಾನಕಗಳಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮದ್ಯಕ್ಕೆ ಅಧ್ಯಾಯವಿಲ್ಲದಿರುವುದು ಸಹಜವೇ ಆಗಿದೆ. ಇದರಿಂದ ಆ ಕಾಲದ ಕನ್ನಡಿಗರು ಆಸವವನ್ನೇ ಅರಿಯರೆಂದು ತೀರ್ಮಾನಿಸುವುದು ಸಾಧುವಲ್ಲ. ಗ್ರಂಥದ ಮೌನವು ಗ್ರಂಥಕರ್ತನ ವ್ರತಕ್ಕೆ ಸೇರಿದುದು.

ಗ್ರಂಥಗಳು ಬಿಟ್ಟುದನ್ನು ಮನೆಗಳು ಉಳಿಸಿಕೊಂಡಿವೆ. ಕರಾವಳಿ ಮಲೆನಾಡುಗಳಲ್ಲಿ ಮಳೆ ಹಿಡಿಯುವ ಮುನ್ನ ಮುರುಗಲ ಹಣ್ಣನ್ನು ತಂದು, ಸಿಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ರಸಕ್ಕೆ ಸಕ್ಕರೆ ಬೆರಸಿ ಪಾನಕಕ್ಕೆ ಕೂಡಿಡುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಅದೇ ಜಾತಿಗೆ ಸೇರಿದ ಇನ್ನೊಂದು ಹಣ್ಣಿನಿಂದ ತೊಟ್ಟಿಕ್ಕಿದ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕಾಯಿಸಿದುದೇ ಕಾಚಂಪುಳಿ. ಹಣ್ಣುಗಳಿಂದ ಮನೆಯಲ್ಲಿಯೇ ಮದಿರೆ ಮಾಡುವ ರೂಢಿಯೂ ಅಲ್ಲಿ ಉಂಟು. ಸಿಪ್ಪೆ, ಪಾನಕ, ಹುಳಿ, ಮದಿರೆ ಎಂಬ ಈ ಸಾಲು ಕೌಟಿಲ್ಯನ ಎರಡು ಪ್ರಕರಣಗಳನ್ನು ಒಂದೇ ಅಡಿಗೆಮನೆಯಲ್ಲಿ ಕೂಡಿಸಿದಂತಿದೆ.

ಮೇಲಿನ ವಿವೇಚನೆಯಿಂದ ಪಾಠ ಹೇಳುವವರಿಗೆ ಆಗುವ ಪ್ರಯೋಜನವಿಷ್ಟು. ಆಸವವೆಂದರೆ ಹಸಿಯ ರಸ ಅಥವಾ ದ್ರವ್ಯಗಳು ಹುದುಗಿದುದು, ಅರಿಷ್ಟವೆಂದರೆ ಕಷಾಯವು ಹುದುಗಿದುದು, ಶುಕ್ತವೆಂದರೆ ಹುಳಿತುದು, ಲೇಹವೆಂದರೆ ಪಾಕಕ್ಕೆ ಬಂದುದು. ಇವನ್ನು ಹೀಗೆಯೇ ಬಿಡಿಸಿ ಹೇಳಬೇಕು. ಎಲ್ಲವನ್ನೂ ‘ಕಳ್ಳು’ ಎಂದು ಮುಗಿಸಿದರೆ ಒಂದು ಶಬ್ದದ ಅರ್ಥ ಮಾತ್ರವಲ್ಲ, ಕಾಡಿನಲ್ಲಿ ಹಣ್ಣನ್ನು ಆಯ್ದು ಗಡಿಗೆಯ ಹದವನ್ನು ಅರಿತಿದ್ದ ಹೆಸರಿಲ್ಲದ ಹೆಂಗಸರ ವಿದ್ಯೆಗೆ ನಮ್ಮ ಭಾಷೆಯಲ್ಲಿ ಉಳಿದಿರುವ ಸಾಕ್ಷಿಯೂ ಅಳಿಯುತ್ತದೆ. ನಿಘಂಟುಕಾರರೂ ಪ್ರಾಚೀನ ಗ್ರಂಥಗಳ ಸಂಪಾದಕರೂ ಮಲೆನಾಡಿನ ಮನೆಮಾತುಗಳನ್ನು ಈ ಶಾಸ್ತ್ರಶಬ್ದಗಳ ಪಕ್ಕದಲ್ಲಿಟ್ಟು ಪರಿಶೀಲಿಸಬೇಕೆಂದು ಬಿನ್ನವಿಸುತ್ತೇನೆ.