ಸೋಮನಾಥಪುರದ ಹಳೇ ಜೀಪು ಮತ್ತು 65 ಅನ್ನೋ ಅಂಕಿ

ಇವತ್ತಿನ ಎಪಿಸೋಡ್ ಒಂದು ಅಂಕಿಯ ಇತಿಹಾಸ. ಅಂಕಿ 65. ಹಳೇ ಡೀಸೆಲ್ ಜೀಪು ಇಟ್ಕೊಂಡಿರೋ ಯಾರನ್ನಾದ್ರೂ ಕೇಳಿ, ಎಮಿಷನ್ ಟೆಸ್ಟ್ ಅಂದ್ರೆ ಅವರಿಗೆ ಗೊತ್ತಿರೋದು ಇದೊಂದೇ: ಮೀಟರ್ 65 ದಾಟಬಾರದು. ನಾನು ಬಿ.ಕಾಂ. ಓದಿದವನು, 35 ಬಂದ್ರೆ ಪಾಸ್ ಅಂತ ಬೆಳೆದವನು. ಇಲ್ಲಿ ಲೆಕ್ಕ ಉಲ್ಟಾ, ಮಾರ್ಕ್ಸ್ ಜಾಸ್ತಿ ಬಂದ್ರೇ ಫೇಲ್.

ಸೋಮನಾಥಪುರ ಅಂದ ತಕ್ಷಣ ನಿಮಗೆ ನೆನಪಾಗೋದು ಹೊಯ್ಸಳರ ಕಾಲದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದು ಯುನೆಸ್ಕೋ ಪಟ್ಟಿಗೂ ಸೇರಿತು. ಅದರ ಮೇಲೆ ಎಪಿಸೋಡ್‌ಗಳು ಬೇಕಾದಷ್ಟಿವೆ. ನಾನು ಇವತ್ತು ಹೇಳೋದು ಅದೇ ಊರಲ್ಲಿರೋ ನಮ್ಮ ದೊಡ್ಡಪ್ಪನ ಜೀಪಿನ ವಿಷಯ. 1993ರ ಎಂಎಂ 540. ಗೊಬ್ಬರದ ಮೂಟೆ, ಭತ್ತ, ಬನ್ನೂರು ಸಂತೆ, ಮದುವೆ ದಿಬ್ಬಣ, ಆಸ್ಪತ್ರೆ, ಎಲ್ಲಕ್ಕೂ ಅದೇ. ಕಳೆದ ಸಲ ಟೆಸ್ಟ್‌ಗೆ ಹೋದಾಗ ಮೀಟರ್ ತೋರಿಸಿದ್ದು 81.

ಮೊದಲು ಈ 65 ಅಂದ್ರೆ ಏನು ನೋಡಿಬಿಡೋಣ. ಇದರ ಅಳತೆಗೆ ಹಾರ್ಟ್‌ರಿಜ್ ಸ್ಮೋಕ್ ಯೂನಿಟ್ ಅಂತಾರೆ. ಸೈಲೆನ್ಸರ್ ಹೊಗೆಯನ್ನ 43 ಸೆಂಟಿಮೀಟರ್ ಉದ್ದದ ಕೊಳವೆಯೊಳಗೆ ಬಿಟ್ಟು, ಒಂದು ತುದಿಯಿಂದ ಬೆಳಕು ಹಾಯಿಸ್ತಾರೆ. ಇನ್ನೊಂದು ತುದಿಗೆ ಎಷ್ಟು ಬೆಳಕು ತಲುಪಲಿಲ್ಲ ಅನ್ನೋದೇ ಮಾರ್ಕ್ಸ್. 65 ಅಂದ್ರೆ ನೂರಕ್ಕೆ ಅರವತ್ತೈದು ಪಾಲು ಬೆಳಕನ್ನ ಹೊಗೆ ನುಂಗಿದೆ, ಆದ್ರೂ ನೀವು ಪಾಸ್! ಇದನ್ನ ಮೊದಲ ಸಲ ತಿಳ್ಕೊಂಡಾಗ ನನಗೆ ನಗು ಬಂತು. ಮೊಣಕೈಯಿಂದ ಬೆರಳ ತುದಿವರೆಗಿನ ಹೊಗೆ ಅರ್ಧಕ್ಕಿಂತ ಜಾಸ್ತಿ ಕತ್ತಲೆ ಮಾಡಿದ್ರೂ ನಡೆಯುತ್ತೆ ಅಂತ ಕಾನೂನು ಯಾಕೆ ಒಪ್ಪಿಕೊಂಡಿತು?

ಉತ್ತರ ಬೇಕು ಅಂದ್ರೆ ಜೀಪಿನ ಕಥೆ ಹೇಳಬೇಕು. ವಿಲ್ಲಿಸ್ ಜೀಪು 1941ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ತಯಾರಾದ ಗಾಡಿ. ಸ್ವಾತಂತ್ರ್ಯ ಬಂದ ಹೊಸದರಲ್ಲೇ ಮಹೀಂದ್ರಾ ಕಂಪನಿ ಅದರ ಬಿಡಿಭಾಗ ತರಿಸಿ ಮುಂಬೈನಲ್ಲಿ ಜೋಡಿಸೋಕೆ ಶುರು ಮಾಡಿತು. ಆಗ ಇದ್ದದ್ದು ಪೆಟ್ರೋಲ್ ಎಂಜಿನ್. ಆಮೇಲೆ ಡೀಸೆಲ್ ಬಂತು, ಟ್ರಾಕ್ಟರ್ ಎಂಜಿನ್ನಿನ ವಂಶದ್ದು ಒಂದು, ಫ್ರಾನ್ಸಿನ ಪೂಜೋ ವಿನ್ಯಾಸದ್ದು ಇನ್ನೊಂದು. ನಮ್ಮ ದೊಡ್ಡಪ್ಪನ ಬಾನೆಟ್ ಕೆಳಗೆ ಇರೋದು ಪೂಜೋ, 2,112 ಸಿಸಿ. ಟರ್ಬೋ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಈ ಎಂಜಿನ್‌ಗಳು ಡ್ರಾಯಿಂಗ್ ಬೋರ್ಡ್ ಮೇಲಿದ್ದಾಗ ನಮ್ಮ ದೇಶದಲ್ಲಿ ಹೊಗೆಗೆ ಮಿತಿ ಅನ್ನೋದೇ ಇರಲಿಲ್ಲ.

ಆ ಮಿತಿ ಬಂದದ್ದು 1989ರಲ್ಲಿ. ಅದಕ್ಕೂ ಮುಂಚೆ 1984ರಲ್ಲಿ ಭೋಪಾಲ್ ಆಯ್ತು, 1985ರಲ್ಲಿ ವಕೀಲ ಎಂ.ಸಿ. ಮೆಹ್ತಾ ದೆಹಲಿಯ ವಾಹನಗಳ ಹೊಗೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ್ರು, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೇ ನಿಯಮ ಅಂತ ಒಂದಿದೆ. ನಮ್ಮ 65 ಹುಟ್ಟಿದ್ದು ಅಲ್ಲೇ. ಪೆಟ್ರೋಲ್ ಕಾರು, ಜೀಪುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3 ಮೀರಬಾರದು ಅಂತಲೂ ಅಲ್ಲೇ ಬರೆದ್ರು.

ನನಗನ್ನಿಸೋದು, ಆ 65 ಒಂದು ರಾಜಿ ಲೆಕ್ಕ. 30 ಅಂತ ಬರೆದಿದ್ರೆ ಮಾರನೇ ದಿನ ರಸ್ತೇಲಿ ಲಾರಿ, ಬಸ್ಸು, ಜೀಪು ಯಾವುದೂ ಇರ್ತಿರಲಿಲ್ಲ. ಹಾಗಾಗಿ ಕಾನೂನು ಹಳೇ ಗಾಡಿಯನ್ನ ‘ಹೊಸದರ ಥರ ಆಗು’ ಅಂತ ಕೇಳಲಿಲ್ಲ, ‘ನಿನ್ನ ಕಾಲಕ್ಕೆ ತಕ್ಕಷ್ಟಾದ್ರೂ ನೆಟ್ಟಗಿರು’ ಅಂತ ಕೇಳಿತು. ಇವತ್ತಿಗೂ ಅದೇ ನ್ಯಾಯ. ಬಿಎಸ್-4 ಡೀಸೆಲ್ ಗಾಡಿಗೆ ಮಿತಿ 50, ಸರ್ಟಿಫಿಕೇಟ್ ಒಂದು ವರ್ಷಕ್ಕೆ. ಅದಕ್ಕಿಂತ ಹಳೇದಕ್ಕೆ 65, ಆದ್ರೆ ಆರು ತಿಂಗಳಿಗೇ ಮತ್ತೆ ಟೆಸ್ಟ್.

ಇದರ ಮಧ್ಯೆ ಜೀಪಿನ ಹೊಟ್ಟೆಗೆ ಹೋಗೋ ಎಣ್ಣೆ ಬದಲಾಗಿಹೋಯ್ತು. 1990ರ ದಶಕದ ಆರಂಭದಲ್ಲಿ ಡೀಸೆಲ್‌ನಲ್ಲಿ ಶೇ 1ರವರೆಗೆ ಗಂಧಕ ಇರಬಹುದಿತ್ತು, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 10,000. ಬೆಂಗಳೂರಿಗೆ 2010ರಲ್ಲೇ 50ರ ಡೀಸೆಲ್ ಬಂತು. ಊರು ಊರಿಗೂ ಅದು ತಲುಪೋಕೆ ಇನ್ನೂ ವರ್ಷಗಳು ಬೇಕಾದವು, 2017ರ ಏಪ್ರಿಲ್‌ಗೆ ದೇಶಕ್ಕೆಲ್ಲ ಅದೇ ಆಯ್ತು. 2020ರ ಏಪ್ರಿಲ್‌ನಿಂದ ಮಿತಿ ಬರೀ 10. ಸಾವಿರದಲ್ಲಿ ಒಂದು ಪಾಲಿಗೆ ಇಳೀತು! ಹಾಗಂತ ಕಪ್ಪು ಹೊಗೆ ತಾನಾಗೇ ನಿಲ್ಲಲ್ಲ. ಕಪ್ಪು ಅಂದ್ರೆ ಸರಿಯಾಗಿ ಸುಡದೇ ಉಳಿದ ಇಂಗಾಲ. ಅದು ಎಂಜಿನ್ ಕೆಲಸ, ಬಂಕಿನದಲ್ಲ.

81 ಬಂದ ದಿನ ದೊಡ್ಡಪ್ಪ ಮೀಟರನ್ನೇ ಬೈದ್ರು. “ಮೂವತ್ ವರ್ಸದಿಂದ ಇಂಗೇ ಹೊಗೆ ಬುಡ್ತದೆ ಕಣ್ ಮಗ, ಈಗೇನ್ ಹೊಸ್ದಾಗಿ?” ಟೆಸ್ಟ್ ಮಾಡೋ ಹುಡುಗ ಗಾಡಿ ನ್ಯೂಟ್ರಲ್‌ನಲ್ಲಿ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಬಿಟ್ಟು, ಮತ್ತೆ ಒತ್ತಿ ಹಲವು ರೀಡಿಂಗ್ ತಗೊಂಡಿದ್ದ. ಒಂದೇ ಸಲಕ್ಕೆ ಕಾಲಿಟ್ಟಾಗ ಡೀಸೆಲ್ ದಬಕ್ಕನೆ ನುಗ್ಗುತ್ತೆ, ಗಾಳಿ ಸಾಲಲ್ಲ. ಎಂಜಿನ್ನಿನ ಗುಟ್ಟು ಹೊರಗೆ ಬೀಳೋದೇ ಆ ಕ್ಷಣದಲ್ಲಿ.

ಮೆಕ್ಯಾನಿಕ್ ಮಾಡಿದ್ದು ದೊಡ್ಡ ರಿಪೇರಿ ಏನಲ್ಲ. ಏರ್ ಕ್ಲೀನರ್ ಬಿಚ್ಚಿದ್ರೆ ತಳದಲ್ಲಿ ಎಣ್ಣೆ ಬದಲು ಕೆಸರಿತ್ತು, ಕಬ್ಬಿನ ಗದ್ದೆ ದಾರಿಯ ಧೂಳೆಲ್ಲ ಅಲ್ಲೇ. ನಾಲ್ಕು ನಾಜಲ್‌ನಲ್ಲಿ ಎರಡು ಸ್ಪ್ರೇ ಮಾಡೋ ಬದಲು ತೊಟ್ಟಿಕ್ತಿದ್ದವು. ಅವನ್ನ ಪಂಪ್ ಅಂಗಡಿಗೆ ಕಳಿಸಿ, ಟೈಮಿಂಗ್ ಸರಿ ಮಾಡಿಸಿ, ಎಂಜಿನ್ ಆಯಿಲ್ ಬದಲಾಯಿಸಿದ್ರು. ಟೆಸ್ಟ್‌ಗೆ ಹೋಗೋ ಮುಂಚೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಅಂದ್ರು, ಯಾಕಂದ್ರೆ ಎಂಜಿನ್ ಆಯಿಲ್ 60 ಡಿಗ್ರಿಗೆ ಬಿಸಿಯಾಗಿರಬೇಕು ಅನ್ನೋದು ಟೆಸ್ಟಿನ ನಿಯಮವೇ. ಎರಡನೇ ಸಲ ಬಂದದ್ದು 58. ಮೈಲೇಜೂ ಸ್ವಲ್ಪ ಜಾಸ್ತಿ ಆಗಿದೆ ಅಂತ ದೊಡ್ಡಪ್ಪ ಈಗ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಾರೆ.

ಅಂದ್ರೆ ಈ ಟೆಸ್ಟ್ ವಯಸ್ಸನ್ನ ಹಿಡಿಯಲ್ಲ, ಅಸಡ್ಡೆಯನ್ನ ಹಿಡಿಯುತ್ತೆ. ಅದಕ್ಕೇ ನನಗೆ ಸಿಟ್ಟು ಬರೋದು ಗಾಡಿ ತರದೇ ಸಿಗೋ ಸರ್ಟಿಫಿಕೇಟ್ ಬಗ್ಗೆ. ಅವತ್ತು ನಮಗೂ ಒಬ್ರು ಹೇಳಿದ್ರು, “ಜೀಪ್ ಯಾಕ್ ತರ್ತೀರಿ, ನಂಬರ್ ಕೊಡಿ ಸಾಕು”. ಕಾಗದ ಸಿಗ್ತಿತ್ತು. ನಾಜಲ್ ತೊಟ್ಟಿಕ್ತಾನೇ ಇರ್ತಿತ್ತು. ದೊಡ್ಡಪ್ಪ ದಿನಾ ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡಿ ಬಿಸಿಯಾಗೋಕೆ ಬಿಡೋದು ಮನೆ ಮುಂದೆ, ಅದೇ ಹೊತ್ತಿಗೆ ಸ್ಕೂಲ್ ಮಕ್ಕಳು ಅಲ್ಲೇ ಹಾದು ಹೋಗ್ತಾರೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಮೀಟರ್ ನೋಡೋದು ಕಣ್ಣಿಗೆ ಕಾಣೋ ಹೊಗೆಯನ್ನ. ನೈಟ್ರೋಜನ್ ಆಕ್ಸೈಡ್‌ಗಳನ್ನ ಅದು ಅಳೆಯೋದೇ ಇಲ್ಲ. 58 ಬಂದ ಮಾತ್ರಕ್ಕೆ ಜೀಪು ಶುದ್ಧ ಆಯ್ತು ಅಂತಲ್ಲ, 81ಕ್ಕಿಂತ ವಾಸಿ ಅಷ್ಟೇ.

ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ನಮ್ಮ ಕಡೆ ಬಹಳ ಜನ. ಅವರು ಮೊದಲು ಆರ್‌ಸಿ ತೆಗೆದು ನೋಡಿ. ಅದರಲ್ಲಿ ಪೆಟ್ರೋಲ್ ಅಂತಿದ್ದು ಬಾನೆಟ್ ಕೆಳಗೆ ಡೀಸೆಲ್ ಇದ್ರೆ, ಹೊಗೆಗಿಂತ ಮುಂಚೆ ಸರಿ ಮಾಡಿಸಬೇಕಾದ್ದು ಆ ದಾಖಲೆ.

ದೆಹಲಿಯಲ್ಲಿ ಇಷ್ಟೆಲ್ಲ ಮಾತೇ ಇರಲಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಹೊಗೆ ಎಷ್ಟು ಅಂತ ಅಲ್ಲಿ ಯಾರೂ ಕೇಳಲಿಲ್ಲ, ಹುಟ್ಟಿದ ವರ್ಷ ಅಷ್ಟೇ ಕೇಳಿದ್ರು. ನಮ್ಮಲ್ಲಿ ಹದಿನೈದು ವರ್ಷ ಆದಮೇಲೂ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬಹುದು. ದೊಡ್ಡಪ್ಪನ ಜೀಪಿಗೆ 2008, 2013, 2018, 2023 ಆಯ್ತು. ಇನ್ನು 2028. ಅಲ್ಲಿವರೆಗೆ ಆರು ತಿಂಗಳಿಗೊಮ್ಮೆ ಮೀಟರ್ ಮುಂದೆ ನಿಲ್ಲಬೇಕು. ಮುಂದಿನ ಸಲ ಜೀಪನ್ನೇ ತಗೊಂಡು ಹೋಗ್ತೀನಿ ಅಂತ ದೊಡ್ಡಪ್ಪನೇ ಹೇಳಿದ್ದಾರೆ, ನಾಜಲ್‌ಗೆ ಕೊಟ್ಟ ದುಡ್ಡಿನ ನೆನಪು ಅವರಿಗೆ ಇನ್ನೂ ಹಸಿಯಾಗಿದೆ.