ಬಹುಮಾನದ ಪುಸ್ತಕದಲ್ಲಿ ಟಿಪ್ಪು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ನಮಗೆ ಸಿಕ್ಕ ಅತ್ಯಂತ ಚೆಂದದ ಪುಸ್ತಕ, ಟಿಪ್ಪು ಸುಲ್ತಾನರನ್ನು ಹಳಿಯುವ ಪುಸ್ತಕವಾಗಿತ್ತು. ಬಟ್ಟೆ ಹೊದೆಸಿದ ರಟ್ಟು, ಅದರ ಮೇಲೆ ಬಣ್ಣದಲ್ಲಿ ಒತ್ತಿದ ಚಿತ್ರ. ಹೆಸರು ‘ದಿ ಟೈಗರ್ ಆಫ್ ಮೈಸೂರ್’. ಬರೆದವರು ಜಿ. ಎ. ಹೆಂಟಿ, ಚಿತ್ರಗಳು ಡಬ್ಲ್ಯು. ಎಚ್. ಮಾರ್ಗೆಟ್ಸನ್ ಅವರವು. ಒಳಗಡೆ ಇಂಗ್ಲೆಂಡಿನ ಯಾವುದೋ ಶಾಲೆಯವರು ಅಂಟಿಸಿದ ಬಹುಮಾನದ ಚೀಟಿ. ಸರಿಯಾಗಿ ಶಾಲೆಗೆ ಬಂದದ್ದಕ್ಕಾಗಿ ಒಬ್ಬ ಹುಡುಗನಿಗೆ ಕೊಟ್ಟದ್ದು.

ಹೆಂಟಿ ಹುಟ್ಟಿದ್ದು 1832ರಲ್ಲಿ. ಕೇಂಬ್ರಿಜ್ ಓದನ್ನು ಅರ್ಧಕ್ಕೆ ಬಿಟ್ಟು ಕ್ರಿಮಿಯಾ ಯುದ್ಧಕ್ಕೆ ಹೋದವರು. ಅಲ್ಲಿಂದ ಮನೆಗೆ ಬರೆದ ಪತ್ರಗಳು ಪತ್ರಿಕೆಯಲ್ಲಿ ಅಚ್ಚಾದವು. ಮುಂದೆ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಯುದ್ಧ ವರದಿಗಾರರಾದರು. 1875ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಅವರೂ ಜೊತೆಗಿದ್ದರು. ಕೋಣೆಯಲ್ಲಿ ಶತಪಥ ಹಾಕುತ್ತಾ ಬಾಯಲ್ಲಿ ಹೇಳುವುದು, ಗುಮಾಸ್ತ ಬರೆದುಕೊಳ್ಳುವುದು, ಇದು ಅವರ ಕ್ರಮ. 1902ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪುಸ್ತಕಗಳು ನೂರು ದಾಟಿದ್ದವು.

ಈ ಪುಸ್ತಕಗಳಿಗೆ ಇಂದಿಗೂ ಸಂಗ್ರಾಹಕರಿದ್ದಾರೆ. ಅವರದೊಂದು ವಿಚಿತ್ರ ವಿದ್ಯೆ. ಗ್ಲಾಸ್ಗೋದ ಬ್ಲ್ಯಾಕೀ ಪ್ರಕಾಶನದವರು ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಪುಸ್ತಕ ಹೊರತಂದು, ಅದರ ಮೇಲೆ ಮುಂದಿನ ವರ್ಷದ ಇಸವಿ ಹಾಕುತ್ತಿದ್ದರು. ನಮ್ಮ ಈ ಪುಸ್ತಕ ಅಂಗಡಿಗೆ ಬಂದದ್ದು 1895ರಲ್ಲಿ, ಮುಖಪುಟದ ಇಸವಿ 1896. ಆ ಇಸವಿ ಇದ್ದರೆ ಮೊದಲ ಮುದ್ರಣ. ಆಮೇಲಿನ ಅಗ್ಗದ ಮುದ್ರಣಗಳಲ್ಲಿ ಇಸವಿಯೇ ಇಲ್ಲ. ಹಾಳೆಗಳ ಅಂಚಿಗೆ ಹಸಿರು ಛಾಯೆಯ ಬಣ್ಣ ಇದೆಯೇ, ಕೊನೆಯಲ್ಲಿ ಪ್ರಕಾಶಕರ ಪಟ್ಟಿ ಇದೆಯೇ, ಚಿತ್ರಗಳು ಹನ್ನೆರಡೂ ಉಳಿದಿವೆಯೇ ಎಂದು ಎಣಿಸುತ್ತಾರೆ. ಪೀಟರ್ ನ್ಯೂಬೋಲ್ಟ್ ಎಂಬವರು ಹೆಂಟಿ ಪುಸ್ತಕಗಳ ಈ ಲೆಕ್ಕಕ್ಕೆಂದೇ ದಪ್ಪ ಗ್ರಂಥವೊಂದನ್ನು 1996ರಲ್ಲಿ ಹೊರತಂದರು. ರೈಡರ್ ಹ್ಯಾಗರ್ಡ್‌ನ ‘ಕಿಂಗ್ ಸಾಲೊಮನ್ಸ್ ಮೈನ್ಸ್’ (1885) ವಿಷಯದಲ್ಲಂತೂ ಹತ್ತನೇ ಪುಟದ ಒಂದು ಅಚ್ಚಿನ ದೋಷ ಇದ್ದರೇನೇ ಬೆಲೆ ಜಾಸ್ತಿ! ಪ್ರೂಫು ತಿದ್ದಿ ಕಣ್ಣು ಕಳೆದುಕೊಂಡ ನಮ್ಮಂಥವರಿಗೆ ಇದು ನುಂಗಲಾರದ ಮಾತು.

ಚಿತ್ರಗಳೇನೂ ಕಳಪೆಯಲ್ಲ. ಹೆಂಟಿಯ ‘ವಿತ್ ಕ್ಲೈವ್ ಇನ್ ಇಂಡಿಯಾ’ಗೆ ಚಿತ್ರ ಬರೆದ ಗಾರ್ಡನ್ ಬ್ರೌನ್, ಡಿಕನ್ಸ್‌ನ ಕಾದಂಬರಿಗಳಿಗೆ ಚಿತ್ರ ಬರೆದ ‘ಫಿಜ್’ನ ಮಗ. ಆದರೆ ಈ ಸಾಹಸಗಾರರೆಲ್ಲ ಕಂಡದ್ದನ್ನೇ ಬರೆದರು ಎಂದುಕೊಳ್ಳಬೇಡಿ. ‘ಕೋರಲ್ ಐಲೆಂಡ್’ ಬರೆದು ತಾನೇ ಚಿತ್ರವನ್ನೂ ಬಿಡಿಸಿದ ಬ್ಯಾಲಂಟೈನ್, ತೆಂಗಿನಕಾಯಿ ಮರದ ಮೇಲೆಯೂ ಸಿಪ್ಪೆ ಸುಲಿದ ಸ್ಥಿತಿಯಲ್ಲೇ ಇರುತ್ತದೆಂದು ತಿಳಿದಿದ್ದ. ಇಂಗ್ಲೆಂಡಿನ ಅಂಗಡಿಯಲ್ಲಿ ಅವನು ಕಂಡದ್ದು ಹಾಗೆಯೇ.

ತೆಂಗಿನಕಾಯಿ ತಪ್ಪಾದರೆ ನಕ್ಕು ಬಿಡಬಹುದು. ಟಿಪ್ಪುವಿನ ಕತೆ ಹಾಗಲ್ಲ. ಡಿಕ್ ಹಾಲೆಂಡ್ ಎಂಬ ಹುಡುಗ. ಅವನ ತಂದೆ ಹಡಗಿನ ಕಪ್ತಾನ, ಹಡಗು ಒಡೆದು ಮೈಸೂರಿನವರ ಸೆರೆಯಾಳಾಗಿದ್ದಾನೆ. ತಾಯಿಯದು ಅರ್ಧ ಭಾರತೀಯ ರಕ್ತ, ಒಬ್ಬ ರಾಜನ ಮಗಳು. ಹುಡುಗ ವೇಷ ಮರೆಸಿ ಶ್ರೀರಂಗಪಟ್ಟಣ ಸೇರುತ್ತಾನೆ, ಹುಲಿಯಿಂದ ಅಂತಃಪುರದ ಹೆಂಗಸನ್ನು ಕಾಪಾಡಿ ಅರಮನೆಯಲ್ಲೇ ಕೆಲಸ ಗಿಟ್ಟಿಸುತ್ತಾನೆ, ಇಂಗ್ಲಿಷ್ ಹುಡುಗಿಯೊಬ್ಬಳನ್ನು ಅಲ್ಲಿಂದ ಪಾರು ಮಾಡುತ್ತಾನೆ. ಮುನ್ನುಡಿಯಲ್ಲಿ ಹೆಂಟಿ, ಭಾರತದಲ್ಲಿ ನಮ್ಮ ಕೆಲವು ಯುದ್ಧಗಳಿಗೆ ಸರಿಯಾದ ಕಾರಣವಿರಲಿಲ್ಲವೆಂದು ಒಪ್ಪುತ್ತಾರೆ. ಮೈಸೂರಿನ ಯುದ್ಧ ಮಾತ್ರ ಅಂಥದ್ದಲ್ಲ ಎನ್ನುತ್ತಾರೆ. ಕಾದಂಬರಿಯ ಟಿಪ್ಪುವಿಗೆ ಕ್ರೌರ್ಯದ ಹೊರತು ಬೇರೆ ಮುಖವಿಲ್ಲ. ಕೃಷಿಯ ಬಗ್ಗೆ, ರೇಷ್ಮೆಯ ಬಗ್ಗೆ ಆದೇಶ ಬರೆಸಿದ, ಗ್ರಂಥಾಲಯ ಕಟ್ಟಿದ ಅರಸ ಅಲ್ಲಿಲ್ಲ.

ಹಾಗೆಂದು ಎಲ್ಲವನ್ನೂ ಸುಳ್ಳೆಂದು ಎತ್ತಿ ಎಸೆಯಲು ನಮ್ಮಿಂದಾಗಲಿಲ್ಲ. 1780ರ ಪೊಳ್ಳಿಲೂರು ಕಾಳಗದಲ್ಲಿ ಸೋತ ಇಂಗ್ಲಿಷರು ಸೆರೆಯಾದದ್ದು ನಿಜ. ಕರ್ನಲ್ ಬೇಯ್ಲಿ ಸೆರೆಯಲ್ಲೇ ಸತ್ತದ್ದು ನಿಜ. 1784ರ ಮಂಗಳೂರು ಒಪ್ಪಂದದವರೆಗೆ ಹಲವರು ಸಂಕೋಲೆಯಲ್ಲಿದ್ದರು. ಜೇಮ್ಸ್ ಸ್ಕರ್ರಿ ಎಂಬ ಹುಡುಗನನ್ನು ಬಲವಂತವಾಗಿ ಸುನ್ನತಿ ಮಾಡಿ ಸೈನ್ಯಕ್ಕೆ ಸೇರಿಸಿದ ಕತೆ 1824ರಲ್ಲಿ ಅಚ್ಚಾಯಿತು. ಲಿಂಡಾ ಕಾಲಿ ತಮ್ಮ ‘ಕ್ಯಾಪ್ಟಿವ್ಸ್’ (2002) ಗ್ರಂಥದಲ್ಲಿ ಇಂಥ ಸೆರೆಯಾಳುಗಳ ಬರಹಗಳನ್ನು ಎಚ್ಚರದಿಂದ ಓದಿ, ಅವುಗಳಲ್ಲಿ ಕಂಪೆನಿಯ ದೌರ್ಬಲ್ಯವೂ ಕಾಣುತ್ತದೆಂದು ತೋರಿಸಿದ್ದಾರೆ. ಹೆಂಟಿ ಆ ನೋವನ್ನು ತೆಗೆದುಕೊಂಡರು, ದೌರ್ಬಲ್ಯವನ್ನು ಬಿಟ್ಟರು. ಹದಿನಾಲ್ಕು ವರ್ಷದ ಹುಡುಗರಿಗೆ ಗೆಲುವು ಬೇಕಿತ್ತು. ಅದನ್ನು ಬಹುಮಾನವಾಗಿ ಹಂಚಲು ಶಾಲೆಗಳೂ ಸಿದ್ಧವಾಗಿದ್ದವು. 1870ರ ಶಿಕ್ಷಣ ಕಾಯಿದೆಯ ನಂತರ ಓದು ಕಲಿತ ಬಡ ಮಕ್ಕಳ ಮನೆಗೂ ಈ ಟಿಪ್ಪು ಹೀಗೆ ಹೋದರು.

ಇಲ್ಲಿ ನಮ್ಮದೇ ಒಂದು ಗುಟ್ಟು ಹೇಳಬೇಕು. ಉರ್ದು ಶಾಲೆಯಲ್ಲಿದ್ದಾಗ ನಾವು ಲಾಂದ್ರದ ಬೆಳಕಲ್ಲಿ ಓದಿದ್ದು ನಸೀಮ್ ಹಿಜಾಝಿಯವರ ‘ಔರ್ ತಲ್ವಾರ್ ಟೂಟ್ ಗಯೀ’. ಅದೂ ಟಿಪ್ಪುವಿನ ಕಾಲದ್ದೇ. ಅಲ್ಲಿ ಸುಲ್ತಾನರಲ್ಲಿ ತಪ್ಪೆಂಬುದೇ ಕಾಣಲಿಲ್ಲ. ಸೋಲಿಗೆ ಮೀರ್ ಸಾದಿಕ್‌ನಂಥ ದ್ರೋಹಿಗಳೇ ಕಾರಣ. ನಾವು ಅತ್ತಿದ್ದೆವು, ರಾತ್ರಿಯೆಲ್ಲಾ ಕತ್ತಿ ಬೀಸುವ ಕನಸು ಕಂಡಿದ್ದೆವು. ಹೆಂಟಿಯನ್ನು ಓದುವಾಗ ಆ ಹಳೆಯ ಬಿಸಿ ಮತ್ತೆ ಮೈಗೆ ಏರಿದ್ದು ಕಂಡು ನಾಚಿಕೆಯಾಯಿತು. ಕುದುರೆ, ವೇಷ, ಸುರಂಗ, ಒಬ್ಬ ನಿಷ್ಠಾವಂತ ಗೆಳೆಯ. ಅಚ್ಚು ಒಂದೇ, ಸುರಿದ ಲೋಹ ಬೇರೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಇಂಗ್ಲಿಷ್ ಸಿಪಾಯಿಯ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿ ಇದೆ. 1799ರಲ್ಲಿ ಲೂಟಿಯಾದದ್ದು, 1808ರಿಂದಲೇ ಲಂಡನ್ನಿನ ಜನ ಅದನ್ನು ನೋಡುತ್ತಾ ಬಂದಿದ್ದಾರೆ. ಹೆಂಟಿ ತಮ್ಮ ಪುಸ್ತಕಕ್ಕೆ ಹುಲಿಯ ಹೆಸರಿಟ್ಟಾಗ ಯಾರಿಗೂ ವಿವರಣೆ ಬೇಕಾಗಿರಲಿಲ್ಲ.

ನಮ್ಮ ಪ್ರತಿಯಲ್ಲಿ ಇಸವಿ ಇಲ್ಲ. ಅಂದರೆ ಮೊದಲ ಮುದ್ರಣವಲ್ಲ, ಸಂಗ್ರಾಹಕರ ಮಟ್ಟಿಗೆ ಅದಕ್ಕೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಅಂಗಡಿಯ ಮುದುಕ, “ತಗೊಳ್ಳಿ ಸಾಬ್ರೇ, ನಿಮ್ಮ ಸುಲ್ತಾನರದ್ದೇ” ಎಂದು ಕಡಿಮೆಗೇ ಕೊಟ್ಟ. ಅದೀಗ ಕಪಾಟಿನಲ್ಲಿ ಹಿಜಾಝಿಯವರ ಪಕ್ಕದಲ್ಲಿದೆ. ಮೊದಲ ಕೆಲವು ಅಧ್ಯಾಯಗಳ ಮೂಲೆಗಳಲ್ಲಿ ಹುಡುಗನೊಬ್ಬನ ಬೆರಳಿನ ಕಲೆಗಳಿವೆ. ಅಲ್ಲಿಂದ ಮುಂದೆ ಹಾಳೆಗಳು ಶುಭ್ರವಾಗಿವೆ. ಬಹುಮಾನ ಪಡೆದವನು ಶ್ರೀರಂಗಪಟ್ಟಣದವರೆಗೆ ಬರಲೇ ಇಲ್ಲವೆಂದು ಕಾಣುತ್ತದೆ.